ಒಂದೇ ಸಲ ಕೇಳುವವರು

ನಾರ್ವೆಯವರು ಮಾತನಾಡುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಒಬ್ಬರೂ ನಾರ್ವೆಯವರೊಡನೆ ಮಾತನಾಡಿದವರಲ್ಲ. ಇದನ್ನು ವಿಚಾರಿಸಿಯೇ ಬರೆಯುತ್ತಿದ್ದೇನೆ. ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಮ್ಮ ಪಕ್ಕದ ಆವರಣದ ಚಿಕ್ಕ ಮನೆಗೆ ನಾರ್ವೆಯ ಹೆಂಗಸೊಬ್ಬರು ಬಾಡಿಗೆಗೆ ಬರುತ್ತಾರೆಂಬ ಸುದ್ದಿ ನಗರದ ಇನ್ನೊಂದು ಭಾಗವಾದ ಹೈರಿಡ್ಜ್ ತಲುಪುವಷ್ಟರಲ್ಲಿ, ಅವರ ಬಗ್ಗೆ ತಿಳಿಯಬೇಕಾದುದೆಲ್ಲವೂ ಅಲ್ಲಿಯ ನಮ್ಮ ಕನ್ನಡ ಹೆಂಗಸರಿಗೆ ತಿಳಿದುಹೋಗಿತ್ತು. ತಿಂಗಳಿಗೊಮ್ಮೆ ನಡೆಯುವ ಭಜನೆ ಮುಗಿದ ಮೇಲೆ, ಕೋಸಂಬರಿಯ ತಟ್ಟೆ ಹಿಡಿದುಕೊಂಡು, ಬ್ಯಾಂಕಿನ ಅಧಿಕಾರಿಯೊಬ್ಬರ ಹೆಂಡತಿ ನನಗೆ ಎಚ್ಚರಿಕೆ ಕೊಟ್ಟರು.

"ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಇದ್ರೂ ನಿಂತ್ಕೊಂಡೇ ಹೋಗ್ತಾರಂತೆ ಆಂಟಿ, ಯಾರಾದ್ರೂ ಮಾತಾಡಿಸಿಬಿಟ್ರೆ ಅಂತ. ಕೈಗೂಸನ್ನ ಹಿಮದಲ್ಲಿ ಆಚೆ ಮಲಗಿಸ್ತಾರಂತೆ."

"ನೀವು ನೋಡಿದ್ರಾ?"

"ನಮ್ಮನೆಯವ್ರು ಹೇಳಿದ್ರು."

"ಅವ್ರು ನೋಡಿದ್ರಾ?"

"ಅವರ ಆಫೀಸಲ್ಲಿ ಯಾರೋ ಹೋಗಿ ಬಂದಿದ್ರಂತೆ," ಎಂದು ಅವರು ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಿಮ್ಮ ಹತ್ರ ಏನು ಹೇಳಿದ್ರೂ ಸಾಕ್ಷಿ ಕೇಳ್ತೀರಪ್ಪ. ಭಜನೆಗೆ ಬಂದ್ರೂ ಕೋರ್ಟಿಗೆ ಬಂದ ಹಾಗಾಗುತ್ತೆ."

ಆ ದೂರು ಹೊಸದಲ್ಲ. ನನ್ನ ಶಾಲೆಯ ಓದು ಲೋವರ್ ಸೆಕೆಂಡರಿಗೆ ನಿಂತಿತು. ಮದುವೆಯಾಗಿ ಮೈಸೂರಿನಿಂದ ನೈರೋಬಿಗೆ ಬಂದ ಮೇಲೆ, ಇಲ್ಲಿ ಗಣಿತದ ಮೇಷ್ಟರಾಗಿದ್ದ ಪತಿಯ ಪುಸ್ತಕಗಳನ್ನು ಅವರು ಶಾಲೆಗೆ ಹೋದ ಹೊತ್ತಿನಲ್ಲಿ ಒಂದೊಂದಾಗಿ ಓದಿದೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕಲಿತವರಿಗೆ ಒಂದು ಗುಣ ಅಂಟಿಕೊಳ್ಳುತ್ತದೆ. ಗುರುವಿಲ್ಲದ್ದರಿಂದ ಯಾರ ಮಾತನ್ನೂ ಒಪ್ಪಲೇಬೇಕೆಂಬ ಭಾರ ಅವರ ಮೇಲಿರುವುದಿಲ್ಲ. ಮನಸ್ಸಿಗೆ ಒಗ್ಗದ ಸಾಲಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. "ನಿನ್ನ ಕೈಗೆ ಪಂಚಾಂಗ ಕೊಟ್ರೆ ಅಮಾವಾಸ್ಯೆಗೂ ಒಂದು ಪ್ರಶ್ನೆ ಹಾಕ್ತೀಯ," ಎನ್ನುತ್ತಿದ್ದರು ಅವರು. ಅವರು ತೀರಿಕೊಂಡ ಬಳಿಕ ಹೈರಿಡ್ಜಿನ ಮನೆ ಬಿಟ್ಟು ಮಗ ಮತ್ತು ಸೊಸೆಯ ಜೊತೆ ಲೊರೆಶೋಗೆ ಬಂದೆ. ಪುಸ್ತಕಗಳೂ ಬಂದವು. ಅವುಗಳ ಬಗ್ಗೆ ಜಗಳವಾಡುವವರು ಮಾತ್ರ ಇರಲಿಲ್ಲ.

ನೆರೆಯವರು ಬಂದ ವಾರದಲ್ಲೇ ಉಪ್ಪಿಟ್ಟು ಮಾಡಿ ತಿಂಡಿಗೆ ಕರೆದೆ. ನನ್ನ ಓರಗೆಯವರೇ; ಎತ್ತರದ ಮೈಕಟ್ಟು, ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು. ಕೆನ್ಯಾದ ಉತ್ತರದ ಒಣಸೀಮೆಯಲ್ಲಿ ಬಹಳ ವರ್ಷ ದಾದಿಯರಿಗೆ ಪಾಠ ಹೇಳಿ ನಿವೃತ್ತರಾಗಿದ್ದರು. ಮದುವೆಯಾದವರಲ್ಲ. ಅವರ ಸ್ವಾಹಿಲಿ ನನ್ನದಕ್ಕಿಂತ ಶುದ್ಧವಾಗಿತ್ತು. ನಮ್ಮಿಬ್ಬರ ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಅದು ಇಬ್ಬರಿಗೂ ದುಡಿದು ಕಲಿತ ಭಾಷೆ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತು ಇನ್ನೂ ಸ್ವಲ್ಪ ಚಿಕ್ಕದಾಗಿ ತೋರಬಹುದು, ಆದರೆ ಅದು ಇದ್ದದ್ದೇ ಚಿಕ್ಕದು.

ಬಾಗಿಲಿಗೆ ಬಂದವರು, ಯಾರೂ ಹೇಳದೆ, ಬಾಗಿ ಶೂ ಬಿಚ್ಚಿ ಗೋಡೆಯ ಪಕ್ಕ ಜೋಡಿಸಿಟ್ಟರು. ಇಷ್ಟು ವರ್ಷಗಳಲ್ಲಿ ನಮ್ಮ ಮನೆಗೆ ಬಂದ ಬಿಳಿಯರಿಗೆಲ್ಲ "ಪರವಾಗಿಲ್ಲ, ಹಾಕಿಕೊಂಡೇ ಬನ್ನಿ" ಎಂದು ಸುಳ್ಳು ಹೇಳಿ, ಅವರು ಹೋದ ಮೇಲೆ ನೆಲ ಒರೆಸಿದವಳು ನಾನು. ನಿಮ್ಮ ದೇಶದಲ್ಲೂ ಹೀಗೆಯೇ ಎಂದು ಕೇಳಿದೆ. "ಹೊರಗಿನ ಕೆಸರು ಹೊರಗೆ," ಎಂದರು. ಇದನ್ನು ಹೈರಿಡ್ಜಿನ ಯಾರೂ ನನಗೆ ಹೇಳಿರಲಿಲ್ಲ.

ಉಪ್ಪಿಟ್ಟನ್ನು ಪೂರ್ತಿ ತಿಂದರು. ತಟ್ಟೆ ಖಾಲಿಯಾದ ಮೇಲೆ ಎದ್ದು ನಿಂತು, ನನ್ನನ್ನು ನೇರವಾಗಿ ನೋಡಿ, "ಊಟಕ್ಕೆ ವಂದನೆಗಳು," ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಉಣಬಡಿಸಿದವರಿಗೆ ವಂದನೆ ಹೇಳುವುದು ಹೋಟೆಲಿನಲ್ಲಿ ಬಿಲ್ಲು ಕೊಟ್ಟು ಏಳುವ ರೀತಿಯೆಂದು ನಾವು ತಿಳಿದವರು. ಅವರು ಹೋದ ಮೇಲೂ ಆ ಮಾತು ಚುಚ್ಚುತ್ತಿತ್ತು. ಪಾತ್ರೆ ತೊಳೆಯುವಾಗ ನನ್ನ ತಾತ ನೆನಪಾದರು. ಎಲೆಯ ಮುಂದಿನಿಂದ ಏಳುವಾಗ ಅವರು ಒಮ್ಮೆಯೂ ಮರೆಯದೆ "ಅನ್ನದಾತಾ ಸುಖೀಭವ" ಎನ್ನುತ್ತಿದ್ದರು, ಬಡಿಸಿದವಳು ಸ್ವಂತ ಸೊಸೆಯೇ ಆಗಿದ್ದರೂ. ನಮ್ಮಲ್ಲಿ ಊಟಕ್ಕೆ ವಂದನೆ ಹೇಳುವ ವಾಡಿಕೆಯಿಲ್ಲ ಎಂಬುದು ಹಾಗಾದರೆ ಯಾರು ಹೇಳಿದ ಮಾತು? ನಾವು ಬಿಟ್ಟದ್ದನ್ನು ಅವರು ಉಳಿಸಿಕೊಂಡಿದ್ದರು, ಅಷ್ಟೆ.

ಮುಂದಿನ ವಾರ ಅವರು ಕಾಫಿಗೆ ಕರೆದರು. ನಾನು ಬೇಕೆಂದೇ ಮಧ್ಯಾಹ್ನದ ಊಟವನ್ನು ಅರ್ಧ ಮಾಡಿ ಹೋದೆ, ಏಕೆಂದರೆ ಬೇಲಿಯಾಚೆಯಿಂದ ಬೆಣ್ಣೆ ಮತ್ತು ಏಲಕ್ಕಿಯ ಪರಿಮಳ ಬರುತ್ತಿತ್ತು. ಅವರ ದೇಶದಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಆದರೂ ಅಲ್ಲಿಯ ಅಜ್ಜಿಯರು ಏಲಕ್ಕಿಯಿಲ್ಲದೆ ಹಿಟ್ಟು ಕಲಸುವುದಿಲ್ಲವೆಂದು ಅಂದೇ ತಿಳಿಯಿತು. ಹೃದಯದ ಆಕಾರದ ಅಚ್ಚುಗಳಿರುವ ಕಾವಲಿಯಲ್ಲಿ ದಪ್ಪ ದೋಸೆಯಂತಹ ವಾಫಲ್‌ಗಳನ್ನು ಸುಟ್ಟು, ಜ್ಯಾಮ್ ಮತ್ತು ಹುಳಿ ಕೆನೆಯ ಬಟ್ಟಲುಗಳ ಜೊತೆ ತಂದಿಟ್ಟರು.

"ತೆಗೆದುಕೊಳ್ಳುತ್ತೀರಾ?"

"ಅಯ್ಯೋ, ಬೇಡ ಬೇಡ. ಈಗ ತಾನೇ ಊಟ ಮಾಡಿ ಬಂದೆ."

ಅವರು ತಲೆಯಾಡಿಸಿ, ಒಂದನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಉಳಿದುದನ್ನು ಎತ್ತಿಕೊಂಡು ಒಳಗೆ ಹೋದರು. ಅಡುಗೆಮನೆಯ ಕಪಾಟಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ನಾನು ಹಾಲಿಲ್ಲದ, ಸಕ್ಕರೆಯಿಲ್ಲದ ಕರಿ ಕಾಫಿಯನ್ನು ಕುಡಿಯುತ್ತಾ, ಅವರು ತಿನ್ನುವುದನ್ನು ನೋಡುತ್ತಾ ಕುಳಿತೆ.

ಮನೆಗೆ ಬಂದು ಹೇಳಿದಾಗ ಸೊಸೆ ಲಟ್ಟಣಿಗೆ ಕೆಳಗಿಟ್ಟು ನಕ್ಕಳು. ಅವಳು ಒಂದು ಕಾಲದಲ್ಲಿ ಕರೆನ್ ಬಡಾವಣೆಯ ಶಾಲೆಯೊಂದರಲ್ಲಿ ಆ ಕಡೆಯ ದೇಶಗಳ ಶಿಕ್ಷಕರ ಜೊತೆ ಕೆಲಸ ಮಾಡಿದವಳು.

"ಅತ್ತೆ, ನೀವು ಬೇಡ ಅಂದ್ರಿ, ಅವ್ರು ಎತ್ತಿಟ್ರು. ಇದ್ರಲ್ಲಿ ಅವ್ರ ತಪ್ಪೇನಿದೆ?"

"ಇನ್ನೊಂದು ಸಲ ಕೇಳಬಾರ್ದಿತ್ತಾ?"

"ಅವ್ರು ಒಂದೇ ಸಲ ಕೇಳೋರು. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಊಟ ಬಿಸಿ ಮಾಡ್ಲಾ?"

"ಬೇಡ."

"ನೋಡಿ, ನಾನು ನಾರ್ವೆಯವಳಲ್ಲ," ಎಂದು ಸೊಸೆ ಒಲೆ ಹಚ್ಚಿದಳು.

ಸೊಸೆಯ ವಿವರಣೆಯನ್ನೂ ಹಾಗೆಯೇ ಒಪ್ಪುವವಳು ನಾನಲ್ಲ. ಮರುದಿನ ನೆರೆಯವರನ್ನೇ ಕೇಳಿದೆ. ನಾನು ಬೇಡ ಎಂದದ್ದರ ಅರ್ಥ ಬೇಕು ಎಂದಿತ್ತು ಎಂದು ತಿಳಿದಾಗ ಅವರ ಮುಖದಲ್ಲಿ ನಿಜವಾದ ಗಾಬರಿ ಕಂಡಿತು.

"ಹಾಗಾದರೆ ನಿಜವಾಗಿ ಬೇಡವಾದಾಗ ಏನೆನ್ನುತ್ತೀರಿ?"

"ಬೇಡ ಎನ್ನುತ್ತೇವೆ."

"ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?"

"ಮೂರು ಸಲ ಕೇಳಿದರೆ ಗೊತ್ತಾಗುತ್ತದೆ."

ಅವರು ಬೆರಳು ಮಡಿಸಿ ಎಣಿಸಿದರು. "ಮೂರು ಸಲ ಕೇಳಿದರೆ, ಅವರ ಮಾತನ್ನು ಎರಡು ಸಲ ನಂಬಲಿಲ್ಲವೆಂದಾಯಿತು," ಎಂದರು.  ಅಂದಿನಿಂದ ಅವರ ಮನೆಯಲ್ಲಿ ಮೊದಲ ಸಲಕ್ಕೇ "ಹೌದು, ಕೊಡಿ" ಎನ್ನುವುದನ್ನು ಕಲಿತೆ. ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಆದರೆ ವಾಫಲ್ ಸಿಗುತ್ತಿತ್ತು.

ಅವರ ಅಭಿರುಚಿಗಳಲ್ಲಿ ನನಗೆ ಹೆಚ್ಚು ತಲೆಕೆಡಿಸಿದ್ದು ಕಂದು ಚೀಸ್. ಬಟ್ಟೆ ಸೋಪಿನ ಬಿಲ್ಲೆಯ ಗಾತ್ರ, ಬೆಲ್ಲದ ಬಣ್ಣ. ಗಾರೆಯವರ ಕರಣೆಯಂತೆ ಚಪ್ಪಟೆಯಾಗಿ ನಡುವೆ ಸೀಳಿರುವ ಅಲಗಿನಿಂದ ಅದನ್ನು ಹಾಳೆಯಂತೆ ಎಬ್ಬಿಸಿ ಬ್ರೆಡ್ಡಿನ ಮೇಲೆ ಹಾಸುತ್ತಾರೆ. ಬಾಯಿಗಿಟ್ಟರೆ ಬಾಣಲೆಯ ತಳ ಹಿಡಿದ ಖೋವಾದ ರುಚಿ, ಕೊನೆಯಲ್ಲಿ ಒಂದು ಚಿಟಿಕೆ ಉಪ್ಪು. ಇದು ಸಿಹಿತಿಂಡಿ, ಇದನ್ನು ಬೆಳಗಿನ ತಿಂಡಿಯೆಂದು ದಿನವೂ ತಿನ್ನುವ ದೇಶವಿರಲಾರದು ಎಂದೆ. ಇದೆ ಎಂದರು. ನಾನು ಒಂದೇ ಕಡೆಯಿಂದ ಕೆರೆದುಕೊಂಡಾಗ ಬಿಲ್ಲೆ ಇಳಿಜಾರಾಯಿತು. ಅವರು ಮಾತಿಲ್ಲದೆ ಅದನ್ನು ತಿರುಗಿಸಿ, ಎತ್ತರದ ಭಾಗವನ್ನು ಸವರಿ ಸಮ ಮಾಡಿಟ್ಟರು. ಚೀಸನ್ನು ಗುಡ್ಡದ ಇಳುಕಲಿನಂತೆ ಬಿಟ್ಟು ಏಳುವುದು ಅವರಲ್ಲಿ ಎಂಜಲು ಕೈಯಿಂದ ಬಡಿಸಿಕೊಂಡಷ್ಟೇ ಅಸಭ್ಯ ಎಂದು ಆಮೇಲೆ ತಿಳಿಯಿತು.

ಮನೆಯಲ್ಲಿದ್ದ ಪುಸ್ತಕದಲ್ಲಿ ನೋಡಿದೆ. ಹಾಲು ಒಡೆದಾಗ ಗಟ್ಟಿಯಾಗುವ ಭಾಗವೇ ಚೀಸ್ ಎಂದಿತ್ತು. ಕಂದು ಚೀಸ್ ಆಗುವುದು ಉಳಿದ ತಿಳಿನೀರಿನಿಂದ. ಹಾಗಾದರೆ ಆ ಪುಸ್ತಕದ ಪ್ರಕಾರ ಇದು ಚೀಸೇ ಅಲ್ಲ. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪನೀರ್ ಮಾಡಿ ಉಳಿದ ನೀರನ್ನು ಬಾಣಲೆಗೆ ಸುರಿದು ಕುದಿಯಲಿಟ್ಟೆ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನ ದಾಟಿದರೂ ನೀರಾಗಿಯೇ ಇತ್ತು.

"ಅತ್ತೆ, ಸಿಲಿಂಡರ್ ಮುಗಿದ್ರೆ ರಾತ್ರಿಗೆ ಎಲ್ರೂ ಬ್ರೆಡ್ಡೇ," ಎಂದಳು ಸೊಸೆ.

"ನಾರ್ವೆಯವರು ಅದನ್ನೇ ತಿಂದು ಬದುಕಿದ್ದಾರೆ," ಎಂದೆ.

ಸಂಜೆಗೆ ತಳದಲ್ಲಿ ಕಂದು ಬಣ್ಣದ ಅಂಟಾದ ಮುದ್ದೆ ನಿಂತಿತು. ಸ್ವಲ್ಪ ಕೆನೆ ಸೇರಿಸಿ ತಿರುವಿ, ಆರಿಸಿ, ಬೇಲಿಯಾಚೆ ಒಯ್ದೆ. ಅವರು ಒಂದು ಚೂರು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. "ಹತ್ತಿರ," ಎಂದರು. ಹೊಗಳಿಕೆಯಲ್ಲಿ ಅಷ್ಟು ಮಿತವ್ಯಯಿಯಾದ ಬಾಯಿಂದ ಬಂದ ಆ ಒಂದು ಪದವನ್ನು ನಾನು ಹಲವು ದಿನ ಅನುಭವಿಸಿದೆ.

ನಮ್ಮ ಗೆಳೆತನ ಗಟ್ಟಿಯಾದದ್ದು ಭಾನುವಾರಗಳಲ್ಲಿ. ಭಾನುವಾರ ಬೆಳಿಗ್ಗೆ ನಡೆಯಲು ಹೋಗುವುದು ಅವರಿಗೆ ಸಂಧ್ಯಾವಂದನೆಯಷ್ಟು ಕಟ್ಟುನಿಟ್ಟು. ನನ್ನ ಮಗ ಕಾರಿನಲ್ಲಿ ನಮ್ಮಿಬ್ಬರನ್ನೂ ಕರೂರಾ ಕಾಡಿನ ಬಾಗಿಲಿಗೆ ಬಿಟ್ಟು ಹೋಗುತ್ತಿದ್ದ. ಮೊದಲ ದಿನ, ಎಲ್ಲಿಗೆ ಹೋಗುವುದು ಎಂದು ಕೇಳಿದೆ. "ಎಲ್ಲಿಗೂ ಇಲ್ಲ," ಎಂದರು. "ಹೋಗುವುದು, ಆಮೇಲೆ ಬರುವುದು." ನಾನು ಬೆಳೆದ ಊರಿನಲ್ಲಿ ನಡೆದವರೆಲ್ಲ ಎಲ್ಲಿಗೋ ನಡೆದವರು, ನಲ್ಲಿಗೆ, ಸಂತೆಗೆ, ನೆಂಟರ ಮನೆಗೆ. ಯಾವ ಊರನ್ನೂ ಸೇರದ ನಡಿಗೆಗೆ ಊಟ ಕಟ್ಟಿಕೊಂಡು ಹೊರಡುವವರನ್ನು ಅಲ್ಲಿ ಕಂಡಿರಲಿಲ್ಲ.

ಜುಲೈ ತಿಂಗಳ ಚಳಿ ಮತ್ತು ಜಿನುಗು ಮಳೆಯಲ್ಲಿ ನಾನು ತಲೆಗೆ ಶಾಲು ಸುತ್ತಿ, ಇವತ್ತು ಬೇಡವೆಂದರೆ, ಅವರು ತಮ್ಮ ದೇಶದ ಗಾದೆ ಹೇಳಿದರು: ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆ ಎಂಬುದಷ್ಟೇ ಇದೆ. ಬಟ್ಟೆ ಮಾರುವವರು ಕಟ್ಟಿದ ಗಾದೆಯಿರಬೇಕು ಎಂದೆ. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಮಕ್ಕಳನ್ನು ಹಿಮದಲ್ಲಿ ಮಲಗಿಸುತ್ತಾರೆಂಬುದು ನಿಜವೇ ಎಂದೂ ಅಂದೇ ಕೇಳಿದೆ. ನಿಜ, ಬೆಚ್ಚಗೆ ಸುತ್ತಿ, ಗಾಡಿಯಲ್ಲಿ ಮಲಗಿಸಿ, ಮನೆಯ ಹೊರಗೆ ಬಿಡುತ್ತಾರೆ, ತಾವೂ ಹಾಗೆಯೇ ಮಲಗಿದವರು, ಅದರಿಂದ ಒಳ್ಳೆಯ ನಿದ್ದೆ ಬರುತ್ತದೆ. ನನ್ನ ಮೊಮ್ಮಗಳಿಗೆ ಸಾಂಬ್ರಾಣಿ ಹೊಗೆ ಹಿಡಿದು, ಕಿಟಕಿ ಮುಚ್ಚಿ, ಕಿವಿ ಮುಚ್ಚುವ ಕುಲಾವಿ ಕಟ್ಟಿ ಬೆಳೆಸಿದ ಕಥೆ ಹೇಳಿದೆ. "ಪಾಪ," ಎಂದರು, ಸ್ವಾಹಿಲಿಯಲ್ಲಿ: "ಪೋಲೆ." ಹೈರಿಡ್ಜಿನವರ ಒಂದು ಸುದ್ದಿಯಾದರೂ ನಿಜವಾಗಿತ್ತೆಂದು ನಾನು ಒಪ್ಪಬೇಕಾಯಿತು.

ಕಾಡಿನ ನಡುವಿನ ಬೆಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅವರದು ಪ್ರತಿ ವಾರವೂ ಅದೇ: ಬ್ರೆಡ್ಡಿನ ಚೂರು, ಅದರ ಮೇಲೆ ಕಂದು ಚೀಸ್, ಅಂಟದಿರಲು ಒಂದು ತೆಳು ಕಾಗದ, ಮತ್ತೆ ಬ್ರೆಡ್ಡು. ಕೊನೆಯಲ್ಲಿ ಒಂದು ಕಿತ್ತಳೆ ಹಣ್ಣು.

"ದಿನವೂ ಒಂದೇ ತಿಂದರೆ ಬೇಸರವಾಗುವುದಿಲ್ಲವೇ?"

"ಹಸಿವು ದಿನವೂ ಒಂದೇ ಅಲ್ಲವೇ?"

ನಾನು ಒಮ್ಮೆ ಪುಳಿಯೋಗರೆ ಒಯ್ದು ಅವರಿಗೂ ಬಡಿಸಿದೆ. ಒಂದು ಚಮಚ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ಆಸಕ್ತಿಕರವಾಗಿದೆ," ಎಂದರು. ಮುಂದಿನ ವಾರ ಬಿಸಿಬೇಳೆಭಾತ್ ಕೂಡ ಆಸಕ್ತಿಕರವಾಯಿತು. ಮಾವಿನಕಾಯಿ ಉಪ್ಪಿನಕಾಯಿ ಬಹಳ ಆಸಕ್ತಿಕರವಾಯಿತು. ಆ ಪದ ಬಂದ ಮೇಲೆ ಎರಡನೆಯ ಚಮಚ ಬಾಯಿಗೆ ಹೋಗುತ್ತಿರಲಿಲ್ಲವೆಂಬುದನ್ನು ಗಮನಿಸಿದೆ. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ ಎಂಬ ಸೊಸೆಯ ಮಾತಿನ ಎದುರು ನಾನು ಮನಸ್ಸಿನಲ್ಲೇ ಒಂದು ಸಣ್ಣ ಚಿಹ್ನೆ ಹಾಕಿಕೊಂಡೆ.

ಉಳಿದ ಹೊತ್ತೆಲ್ಲ ಮೌನ. ಹೌದು ಎನ್ನಬೇಕಾದಾಗ ಅವರು ಉಸಿರನ್ನು ಒಳಕ್ಕೆ ಎಳೆದುಕೊಂಡು "ಯಾ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಎದೆನೋವೆಂದು ಹೆದರಿ ನೀರಿನ ಬಾಟಲಿ ತೆರೆದಿದ್ದೆ. ಅವರ ಊರಿನ ಕಡೆ ಹಾಗೆಯೇ ಅಂತೆ. ನನ್ನ ಪತಿ ಉತ್ತರಪತ್ರಿಕೆ ತಿದ್ದುವಾಗ ಮನೆಯಲ್ಲಿರುತ್ತಿದ್ದ ಮೌನ ನನ್ನನ್ನು ಹೊರಗಿಡುತ್ತಿತ್ತು. ಇವರ ಮೌನದಲ್ಲಿ ಒಂದು ಪಕ್ಕ ಖಾಲಿಯಿರುತ್ತಿತ್ತು, ಅಲ್ಲಿ ನಾನು ಕುಳಿತುಕೊಳ್ಳಬಹುದಿತ್ತು. ಮಂಗ ಬಂದು ಬ್ರೆಡ್ಡು ಕಸಿದುಕೊಂಡು ಹೋದಾಗಲೂ ನಾವಿಬ್ಬರೂ ಮಾತಿಲ್ಲದೆ ಅದು ಕಾಗದವನ್ನು ಬೇರೆ ಮಾಡಿ ಎಸೆಯುವುದನ್ನು ನೋಡಿದೆವು.

ಅವರು ತಾವಾಗಿಯೇ ಮಾತನಾಡುತ್ತಿದ್ದ ಸಂಗತಿ ಒಂದೇ: ಅವರ ಮರದ ಮನೆ. ಬೆಟ್ಟದ ನಡುವೆ, ಅವರ ತಂದೆ ಕಟ್ಟಿದ್ದು. ಕರೆಂಟು ಇಲ್ಲ, ನಲ್ಲಿ ಇಲ್ಲ, ಪಾಯಿಖಾನೆ ಹೊರಗೆ. ಪಟ್ಟಣದಲ್ಲಿ ಎಲ್ಲ ಸೌಕರ್ಯವಿರುವ ಜನ ರಜೆ ಬಂದೊಡನೆ ಹೀಗೆ ಬಡವರಂತೆ ಬದುಕಲು ಓಡುತ್ತಾರೆಂದರೆ ನಾನು ನಂಬಲಿಲ್ಲ. ಈಸ್ಟರ್ ರಜೆಯಲ್ಲಿ ಅಲ್ಲಿ ಕುಳಿತು ಇಡೀ ದೇಶ ಕೊಲೆಯ ಕಾದಂಬರಿ ಓದುತ್ತದೆ ಎಂದದ್ದನ್ನೂ ನಂಬಲಿಲ್ಲ. ಹಬ್ಬದ ದಿನ ಕೊಲೆಯ ಕಥೆಯೇ ಎಂದು ಕೇಳಿ, ನಮ್ಮ 'ಭಾರತ ವಾಚನ'ದಲ್ಲಿ ಬೀಳುವ ಹೆಣಗಳನ್ನು ನೆನೆದು ಸುಮ್ಮನಾದೆ. ಕೊಡದಲ್ಲಿ ನೀರು ಹೊತ್ತು, ಹೊಗೆಯಲ್ಲಿ ಒಲೆ ಊದಿ ಬೆಳೆದವಳಿಗೆ ಆ ಮನೆಯಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ. ಆದರೂ ಅವರು ಹೇಳಿದಂತೆಲ್ಲ ನನಗೆ ಅಲ್ಲಿಗೆ ಹೋಗಬೇಕೆಂಬ ಆಸೆ ಬೆಳೆಯಿತು. ರಾತ್ರಿ ಹತ್ತಕ್ಕೂ ಬೆಳಕಿರುವ ಜೂನ್ ತಿಂಗಳಲ್ಲಿ, ಮೆಟ್ಟಿಲಿನ ಮೇಲೆ ಕುಳಿತು, ಯಾರೂ ಏನೂ ಹೇಳದೆ ಇರುವುದು. ಜೀವನದಲ್ಲಿ ಗಂಡನ ಕೆಲಸಕ್ಕೆ ಬಂದ ಊರು, ಮಗನ ಕೆಲಸಕ್ಕೆ ಬಂದ ಬಡಾವಣೆ ಬಿಟ್ಟರೆ, ನನ್ನ ಬಯಕೆಯಿಂದ ನಾನು ಎಲ್ಲಿಗೂ ಹೋದವಳಲ್ಲ.

ನಡುವೆ ಅವರ ಕಣ್ಣು ಮಸುಕಾಗತೊಡಗಿತು. ದೃಷ್ಟಿಯ ನಡುಭಾಗವೇ ಅಳಿಸಿಹೋಗುವ ಕಾಯಿಲೆ. "ನಿಮ್ಮ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ," ಎಂದರು ಒಂದು ಭಾನುವಾರ, ಹವೆಯ ಬಗ್ಗೆ ಹೇಳುವ ದನಿಯಲ್ಲೇ. ನಾರ್ವೆಯಲ್ಲಿದ್ದ ತಂಗಿಯ ಮಗಳು ಒತ್ತಾಯ ಮಾಡಿ, ಮರಳಿ ಹೋಗುವುದೆಂದು ಫೆಬ್ರವರಿಯಲ್ಲಿ ನಿಶ್ಚಯವಾಯಿತು.

ಹೊರಡುವ ಮೊದಲು, ಅರ್ಧ ಖಾಲಿಯಾದ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಅವರು ಕಪ್ಪುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದರು.

"ಜೂನ್‌ನಲ್ಲಿ ಮರದ ಮನೆಗೆ ಹೋಗುತ್ತೇನೆ," ಎಂದರು. "ಎರಡು ಮಂಚಗಳಿವೆ. ನೀವು ಬರುತ್ತೀರಾ?"

ನನಗೆ ಅಂದೇ ಹೊರಡುವಷ್ಟು ಆಸೆ. ಬಾಯಿಂದ ಬಂದದ್ದು ಬೇರೆ. "ಅಯ್ಯೋ, ಬೇಡ. ನಿಮಗೆ ಯಾಕೆ ತೊಂದರೆ."

"ಯಾ," ಎಂದು ಅವರು ಉಸಿರೆಳೆದುಕೊಂಡು ಮುಂದಿನ ಕಪ್ಪಿಗೆ ಕಾಗದ ಹರಿದರು.

ಕಾಫಿಯ ಮಟ್ಟಿಗೆ ಕಲಿತ ಪಾಠ ಅಷ್ಟು ದೊಡ್ಡ ಕರೆಗೆ ಒದಗಿ ಬರಲಿಲ್ಲ. ವಾಫಲ್‌ಗೆ ಹೌದು ಎನ್ನುವ ನಾಲಗೆಯೂ, ಮನೆಗೆ ಕರೆದಾಗ ಮೊದಲ ಸಲ ಬೇಡವೆನ್ನಲು ತಾಯಿಯಿಂದ ಕಲಿತ ನಾಲಗೆಯೂ ಒಂದೇ ಬಾಯಲ್ಲಿದ್ದವು. ದೊಡ್ಡದು ಎದುರಾದಾಗ ಹಳೆಯದು ಮುಂದೆ ಬಂತು. ತಿದ್ದಿಕೊಳ್ಳಬಹುದಿತ್ತು. ತಿದ್ದಿಕೊಳ್ಳುವ ಬದಲು ಅವರು ಇನ್ನೊಂದು ಸಲ ಕೇಳುತ್ತಾರೆಂದು ಕಾದೆ. ಉಳಿದ ಕಪ್ಪುಗಳು ಮುಗಿಯುವವರೆಗೆ ಕಾದೆ. ಅವರು ಹೊರಟ ದಿನ ಕಾರಿನ ಬಾಗಿಲು ಹಿಡಿದು ನಿಂತಾಗಲೂ ಕಾದೆ. ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದರು, ಆಮೇಲೆ ಬಿಟ್ಟರು. ಕಾರು ಹೋಯಿತು.

ಆಮೇಲೆ ತಿಂಗಳಿಗೊಮ್ಮೆ ಅವರ ಫೋನ್ ಬರುತ್ತಿತ್ತು. ಅಲ್ಲಿಯ ಹವೆ ಹೇಳುವರು, ಇಲ್ಲಿಯ ಹವೆ ಕೇಳುವರು, ಇಡುವರು. ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಕಾಡಿಗೆ ಹೋದೆ. ಒಳ್ಳೆಯ ಹುಡುಗಿ, ನನ್ನ ಕೈ ಹಿಡಿದು ನಡೆಸುತ್ತಾಳೆ. ಆದರೆ ಅವಳ ಸುಮ್ಮನಿರುವಿಕೆ ಕಿವಿಯೊಳಗಿನ ಹಾಡಿನಿಂದ ತುಂಬಿರುತ್ತದೆ. ಬೆಂಚಿನಲ್ಲಿ ಕುಳಿತರೆ ನನ್ನ ಎಡಪಕ್ಕ ತಣ್ಣಗೆನಿಸುತ್ತಿತ್ತು. ಜೂನ್‌ನಲ್ಲಿ ಫೋನ್ ಬರಲಿಲ್ಲ. ಮರದ ಮನೆಯಲ್ಲಿದ್ದಾರೆ, ಅಲ್ಲಿ ಫೋನ್ ಇಲ್ಲ ಎಂದುಕೊಂಡೆ. ಲೊರೆಶೋದಲ್ಲಿ ಮೋಡ ಕವಿದ ಆ ಸಂಜೆಗಳಲ್ಲಿ, ನಾನು ಕಾಣದ ಆ ಮೆಟ್ಟಿಲುಗಳ ಮೇಲಿನ ಬೆಳಕನ್ನು ನೆನೆಯುತ್ತಿದ್ದೆ. ಮಲಗುವಾಗ ಆ ಎರಡನೆಯ ಮಂಚವನ್ನೂ.

ಒಂದು ದಿನ ಊಟದ ಹೊತ್ತಿಗೆ ಮನೆಯವರಿಗೆ ಹೇಳಿದೆ.

"ಅಮ್ಮ, ಅವ್ರು ಸುಮ್ನೆ ಫಾರ್ಮಾಲಿಟಿಗೆ ಕರೆದಿರ್ತಾರೆ," ಎಂದ ಮಗ.

"ಫಾರ್ಮಾಲಿಟಿ ಅನ್ನೋದು ಅವ್ರಿಗೆ ಗೊತ್ತೇ ಇಲ್ಲ ಕಣ್ರೀ," ಎಂದಳು ಸೊಸೆ. "ಕರೆದಿದ್ದು ನಿಜ. ಅತ್ತೆ ಬೇಡ ಅಂದಿದ್ದೂ ನಿಜ ಅಂತ ಅವ್ರು ತಿಳ್ಕೊಂಡಿದ್ದಾರೆ. ಇನ್ನು ಕರೆಯಲ್ಲ."

"ಜಸ್ಟ್ ಆಸ್ಕ್ ಹರ್, ಅಜ್ಜಿ," ಎಂದಳು ಮೊಮ್ಮಗಳು.

"ಕರೀದೇ ಇರೋರ ಮನೆಗೆ ನಾನಾಗೇ ಬರ್ತೀನಿ ಅಂತ ಕೇಳೋದಾ? ಯಾರಾದ್ರೂ ಹಾಗೆ ಮಾಡ್ತಾರಾ?"

"ಬಟ್ ಶೀ ಡಿಡ್ ಇನ್ವೈಟ್ ಯು. ಯು ಸೆಡ್ ನೋ."

ಆ ಹುಡುಗಿಗೆ ನನ್ನ ವಾದದ ಚಟ ಬಂದಿದೆ. ಮರುದಿನ ಸಂಜೆ ಅವಳೇ ತನ್ನ ಫೋನಿನಲ್ಲಿ ವೀಡಿಯೊ ಕರೆ ಮಾಡಿ ನನ್ನ ಮುಂದೆ ಹಿಡಿದಳು. ಅವರಿಗೆ ಕ್ಯಾಮೆರಾ ಎಲ್ಲಿದೆಯೆಂದು ಕಾಣದ್ದರಿಂದ, ನಮಗೆ ಕಂಡದ್ದು ಅವರ ಹಣೆ, ಬಿಳಿ ಕೂದಲು, ಹಿಂದಿನ ಗೋಡೆ. ಹವೆಯ ಮಾತಾಯಿತು. ಆಮೇಲೆ ನಾನು ಹೇಳಿದೆ:

"ಬರುವ ಜೂನ್‌ನಲ್ಲಿ ನಿಮ್ಮ ಮರದ ಮನೆಗೆ ಬರಬೇಕೆಂದು ನನಗೆ ಆಸೆಯಿದೆ. ಬರಲೇ?"

ಹಣೆ ಅಲುಗಲಿಲ್ಲ. "ಬೇಡ," ಎಂದರು. "ಈ ವರ್ಷ ನಾನೇ ಹೋಗಲಿಲ್ಲ. ಒಲೆಯ ಬಾಯಿ ಎಲ್ಲಿದೆಯೆಂದು ಕಾಣುವುದಿಲ್ಲ. ನಿಮಗೆ ತೊಂದರೆಯಾಗುತ್ತದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, ಸಾಕು, ಬಿಡಿ ಎಂದು ಕೈಸನ್ನೆ ಮಾಡಿದಳು. ಅವಳು ಹೇಳಿದ್ದ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿದಿತ್ತು. ಅವರು ಜೂನ್ ಪೂರ್ತಿ ಆ ಮೆಟ್ಟಿಲಿನ ಮೇಲೆ ಕುಳಿತಿದ್ದಾರೆಂದು ನಾನು ನೆನೆದದ್ದೆಲ್ಲ ಸುಳ್ಳಾಗಿತ್ತು. ಪಟ್ಟಣದ ಕೋಣೆಯಲ್ಲಿ ಒಬ್ಬರೇ ಇದ್ದರು, ಇಷ್ಟು ದಿನ ಅದನ್ನು ಹೇಳಿರಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕೊನೆಯ ಮಾತು. ನಿಮಗೆ ತೊಂದರೆ ಎಂಬುದನ್ನು ನಾನು ಎಷ್ಟೋ ಮನೆಗಳ ಹೊಸಿಲಲ್ಲಿ ಹೇಳಿದ್ದೇನೆ, ಒಂದು ಸಲವೂ ಅದು ನನ್ನ ಮನಸ್ಸಾಗಿರಲಿಲ್ಲ. ಬೇಡ ಎನ್ನುವ ಆಸೆಯ ದನಿ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಒಲೆ ನಾನು ಹಚ್ಚುತ್ತೇನೆ," ಎಂದೆ.

"ನೀರು ದೂರದಿಂದ ತರಬೇಕು."

"ತರುತ್ತೇನೆ. ಚಿಕ್ಕ ಬಕೆಟ್ಟಿನಲ್ಲಿ, ಹಲವು ಸಲ."

"ನಿಮಗೆ ವಯಸ್ಸಾಗಿದೆ."

"ನಿಮಗೂ ಆಗಿದೆ. ಬರಲೇ?"

"ಬೇಡ ಎಂದೆನಲ್ಲ."

"ಕೇಳಿಸಿತು. ಇನ್ನೊಂದು ಸಲ ಕೇಳುತ್ತಿದ್ದೇನೆ."

ಎಷ್ಟು ಹೊತ್ತು ಸದ್ದಿಲ್ಲದೆ ಹೋಯಿತೆಂದರೆ, ಮೊಮ್ಮಗಳು ಕರೆ ಕಡಿದಿದೆಯೇ ಎಂದು ಫೋನನ್ನು ತಿರುಗಿಸಿ ನೋಡಿದಳು. ಕಡಿದಿರಲಿಲ್ಲ. ಅವರ ಬದುಕಿನಲ್ಲಿ ಯಾರೂ ಅವರನ್ನು ಎರಡನೆಯ ಸಲ ಕೇಳಿರಲಿಲ್ಲವೇನೋ. 

"ಸರೋವರ ದಾಟಿ ಹೋಗಬೇಕು," ಎಂದರು ಕೊನೆಗೆ. "ಸಣ್ಣ ದೋಣಿ. ನಿಮಗೆ ಈಜು ಬರುತ್ತದೆಯೇ?"

"ಇಲ್ಲ."

"ನನಗೆ ಬರುತ್ತದೆ," ಎಂದರು.

ಸೊಸೆ ಬಾಗಿಲಿನಿಂದ ಒಳಗೆ ಹೋದಳು. ಮಗ ಈಗ ವೀಸಾದ ವಿಚಾರ ಕೇಳಿಕೊಂಡು ಬಂದಿದ್ದಾನೆ. ನನ್ನ ವಯಸ್ಸಿಗೆ ವಿಮೆ ಸಿಗುವುದು ಕಷ್ಟ ಎನ್ನುತ್ತಾನೆ. ಯಾರು ಹೇಳಿದರು ಎಂದು ಕೇಳಿದ್ದೇನೆ. ನಾರ್ವೆಯಲ್ಲಿ ಎಲೆ ಉದುರಿ ಮುಗಿದು, ಮೊದಲ ಮಂಜು ಬಿದ್ದಿದೆಯೆಂದು ನಿನ್ನೆ ಫೋನಿನಲ್ಲಿ ತಿಳಿಸಿದರು. ಇಲ್ಲಿ ಅಕ್ಟೋಬರ್, ರಸ್ತೆಯುದ್ದಕ್ಕೂ ಜಕರಂಡಾದ ನೇರಳೆ ಹೂ ಬೀಳುತ್ತಿದೆ. ಜೂನ್ ಎಲ್ಲರಿಗೂ ದೂರವೇ. ನಮ್ಮಿಬ್ಬರ ವಯಸ್ಸಿಗೆ ಅದು ಇನ್ನೂ ಸ್ವಲ್ಪ ದೂರದಲ್ಲಿದೆ.